ಗುಲ್ಷನ್ ಆಪಾ ಪದಕ್ಕೆ ಪದ ಹೇಳಿದ್ದು

ಗುಲ್ಷನ್ ಆಪಾ ಈಗ ಹೊರಮಾವಿನ ಅಪಾರ್ಟ್‌ಮೆಂಟೊಂದರಲ್ಲಿ ಮಗಳು ನಾಜಿಶ್ ಜೊತೆ ಇದ್ದಾರೆ. ಹಲಸೂರಿನಿಂದ ಬಸ್ಸು ಹತ್ತಿ ನಾನು ಆಗಾಗ ನೋಡಿಕೊಂಡು ಬರುತ್ತೇನೆ. ಗೇಟಿನಲ್ಲಿ ಸೆಕ್ಯುರಿಟಿಯವನು ನನ್ನ ಫೋಟೊ ಹಿಡಿದು, ಯಾರ ಮನೆ, ಏನು ಕೆಲಸ ಎಂದು ವಿಚಾರಿಸಿ, ಮೇಲೆ ಫೋನು ಮಾಡಿ ಒಪ್ಪಿಗೆ ಪಡೆಯುವಷ್ಟರಲ್ಲಿ ನನ್ನ ತಾಳ್ಮೆ ಅರ್ಧ ಖರ್ಚಾಗಿರುತ್ತದೆ. ಪುಲಿಕೇಶಿನಗರದ ಮಾಸ್ಕ್ ರೋಡಿನ ಹಿಂದಿನ ಗಲ್ಲಿಯಲ್ಲಿದ್ದ ಅವರ ಹಳೆಯ ಮನೆಗೆ ಹಗಲು ಹೊತ್ತು ಬಾಗಿಲೇ ಹಾಕುತ್ತಿರಲಿಲ್ಲ. ಬೆಕ್ಕು, ಮೀನು ಮಾರುವವಳು, ಪಕ್ಕದ ಮನೆಯ ಮಾರಿಯಾ ಆಂಟಿ, ನಾನು, ಯಾರು ಬೇಕಾದರೂ ನುಗ್ಗಬಹುದಿತ್ತು. ಆ ಮನೆ ಈಗ ಇಲ್ಲ. ಅಲ್ಲಿ ನಾಲ್ಕಂತಸ್ತಿನ ಕಟ್ಟಡ ಎದ್ದು, ಕೆಳಗೆ ಶವರ್ಮಾ ಅಂಗಡಿ ಬಂದಿದೆ. ಶವರ್ಮಾ ಚೆನ್ನಾಗಿಯೇ ಇದೆ, ಆದರೆ ತಿನ್ನುವಾಗ ಸಿಟ್ಟು ಬರುತ್ತದೆ.

ನಾನು ಹುಟ್ಟಿ ಬೆಳೆದದ್ದು ಆ ಮನೆಯ ಹಿತ್ತಿಲಿನ ಔಟ್‌ಹೌಸಿನಲ್ಲಿ. ಅಪ್ಪ ಪಾರ್ಕಿನಲ್ಲಿ ಮಾಲಿ. ಅಮ್ಮ ಯಶೋದಮ್ಮ ಹೊಸಕೋಟೆ ಕಡೆಯವಳು, ಓದು ಬರಹ ಬಾರದವಳು, ಆದರೆ ಮಾತಿನ ಮಲ್ಲಿ. ಆಪಾ ನನಗಿಂತ ಏಳೆಂಟು ವರ್ಷ ದೊಡ್ಡವರು, ಅದಕ್ಕೇ ಆಪಾ, ಅಕ್ಕ. ಅವರ ಮನೆಯಲ್ಲಿ ದಖನಿ, ಅಂದರೆ ನಮ್ಮ ಗಲ್ಲಿಗಳ ಉರ್ದು; ಕಾನ್ವೆಂಟಿನಲ್ಲಿ ಇಂಗ್ಲಿಷು. ಕನ್ನಡ ಮಾತ್ರ ನನ್ನಮ್ಮನ ಒಲೆಯ ಪಕ್ಕ ಕೂತು ಕಲಿತದ್ದು. ಹಾಗಾಗಿ ಶಿವಾಜಿನಗರದ ಸರ್ಕಾರಿ ಉರ್ದು ಶಾಲೆಯಲ್ಲಿ ಅವರು ಕನ್ನಡ ಟೀಚರಾದಾಗ ಅಲ್ಲಿನ ಮಕ್ಕಳೆಲ್ಲ ಹೊಸಕೋಟೆಯ ಕನ್ನಡದಲ್ಲೇ ಬೈಯುವುದನ್ನು ಕಲಿತರು. ರಂಜಾನ್ ಬಂದರೆ ನಮ್ಮ ಮನೆಯ ಪಾತ್ರೆಗಳೆಲ್ಲ ಅವರ ಮನೆಯಲ್ಲಿರುತ್ತಿದ್ದವು, ಗೌರಿಹಬ್ಬಕ್ಕೆ ಅವರ ಪಾತ್ರೆಗಳು ನಮ್ಮಲ್ಲಿ. ಯಾವ ಚೊಂಬು ಯಾರದು ಎಂಬ ಜಗಳ ಅಮ್ಮ ಸಾಯುವವರೆಗೂ ತೀರಲಿಲ್ಲ.

ಆಪಾಗೆ ಮೂಗಿನ ತುದಿಯಲ್ಲೇ ಕೋಪ. ಅಂಗಡಿಯ ಬೋರ್ಡಿನಲ್ಲಿ ಒತ್ತಕ್ಷರ ತಪ್ಪಿದ್ದರೆ ಒಳಗೆ ಹೋಗಿ ಮಾಲೀಕನಿಗೆ ಪಾಠ ಮಾಡಿ, ಸಾಮಾನು ಕೊಳ್ಳದೆ ಬರುತ್ತಿದ್ದರು. ಒಬ್ಬರು ಹೇಳಿದ ಮಾತನ್ನು ಇನ್ನೊಬ್ಬರಿಗೆ ತಲುಪಿಸುವಾಗ ಒಂದಕ್ಷರ ಆಚೀಚೆ ಮಾಡುತ್ತಿರಲಿಲ್ಲ. ನಮ್ಮ ಗಲ್ಲಿಯ ಎಷ್ಟೋ ಸಂಸಾರಗಳಲ್ಲಿ ಇದರಿಂದಲೇ ರಾದ್ಧಾಂತವಾಗಿದೆ.

ನಾನು ನಿವೃತ್ತನಾಗುವವರೆಗೂ ಸರ್ಕಾರಿ ಮಾನಸಿಕ ಆಸ್ಪತ್ರೆಯೊಂದರ ಬಿಲ್ಲಿನ ವಿಭಾಗದಲ್ಲಿದ್ದೆ. ಹೆಸರು ಬೇಡ. ಕೆಲವು ವರ್ಷಗಳ ಹಿಂದೆ ನನ್ನ ಮೇಜಿಗೆ ಕರೀಂ ಎಂಬುವನ ಫೈಲು ಬಂತು. ಅವನು ನಮ್ಮ ಪುಲಿಕೇಶಿನಗರದಲ್ಲೇ ಚರ್ಮದ ವ್ಯಾಪಾರಿಯೊಬ್ಬರ ಮನೆಯಲ್ಲಿ ಕೆಲಸಕ್ಕಿದ್ದವನು. ಒಂದು ಸಂಜೆ ಯಜಮಾನರು, ಅವರ ಹೆಂಡತಿ, ಅವರ ಮುದಿ ತಾಯಿ ಮೂವರನ್ನೂ ಕೊಂದಿದ್ದ. ಮಹಡಿಯಲ್ಲಿದ್ದ ಮಗ ಆದಿಲ್ ಒಬ್ಬ ಉಳಿದುಕೊಂಡ, ಆಗ ಕಾಲೇಜು ಹುಡುಗ. ಎರಡು ಕೋರ್ಟುಗಳು ಕರೀಂಗೆ ಗಲ್ಲು ವಿಧಿಸಿದ್ದವು. ಕೊನೆಯ ಮೇಲ್ಮನವಿ ಕೇಳುತ್ತಿದ್ದ ಕೋರ್ಟು ನಮ್ಮ ಆಸ್ಪತ್ರೆಗೆ ಒಂದು ಪ್ರಶ್ನೆ ಕಳಿಸಿತು: ತನ್ನನ್ನು ಗಲ್ಲಿಗೇರಿಸುತ್ತಾರೆ, ಇಂಥದ್ದಕ್ಕಾಗಿ ಗಲ್ಲಿಗೇರಿಸುತ್ತಾರೆ ಎಂಬುದು ಈ ಮನುಷ್ಯನಿಗೆ ಅರ್ಥವಾಗುತ್ತದೆಯೇ? ಅರ್ಥವಾಗದಷ್ಟು ಮನಸ್ಸು ಕೆಟ್ಟಿದ್ದರೆ ಗಲ್ಲಿಲ್ಲ, ಜೀವಾವಧಿ.

ಈ ಒಂದು ಪ್ರಶ್ನೆಗೆ ಎಷ್ಟು ಖರ್ಚು ಎಂಬುದು ಬಿಲ್ಲು ಬರೆದವನಿಗೆ ಗೊತ್ತು. ಬೆಳಗಾವಿ ಜೈಲಿನಿಂದ ಅವನನ್ನು ತರಲು ವ್ಯಾನು, ವ್ಯಾನಿನ ಜೊತೆ ಪೊಲೀಸರು, ಪೊಲೀಸರ ಊಟ, ವಸತಿ. ಅವನಿಗೆಂದು ವಾರ್ಡಿನ ಒಂದು ಕಡೆಯನ್ನೇ ಖಾಲಿ ಮಾಡಿಸಬೇಕು. ಹಿರಿಯ ಡಾಕ್ಟರುಗಳ ಸಮಿತಿ, ಅವರು ಬಿಟ್ಟುಬಂದ ಓಪಿಡಿಗೆ ಬದಲಿ ಡಾಕ್ಟರು. ಆ ಹೊತ್ತಿನಲ್ಲಿ ನಮ್ಮ ಹೊರರೋಗಿಗಳ ಸ್ಟ್ರೆಚರಿಗೆ ಚಕ್ರವಿರಲಿಲ್ಲ. ಚಕ್ರದ ಫೈಲು ಹಿಂದೆ ಬರುತ್ತಿತ್ತು, ಕರೀಂನ ಫೈಲು ಮುಂದೆ ಓಡುತ್ತಿತ್ತು. ನನಗೆ ಮೈ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಇಷ್ಟೆಲ್ಲ ಮಾಡಿ ಕೂರಿಸಿದರೆ ಅವನು ಬಾಯಿ ಬಿಡಲಿಲ್ಲ. ಅವನಿಗೆ ಬರುತ್ತಿದ್ದದ್ದು ದಖನಿ ಒಂದೇ. ಇಲಾಖೆ ಕಳಿಸಿದ ಉರ್ದು ಅಧಿಕಾರಿಯದು ರೇಡಿಯೋದಲ್ಲಿ ವಾರ್ತೆ ಓದುವಂಥ ಉರ್ದು. ಕರೀಂ ಆ ಅಧಿಕಾರಿಯ ಮುಖವನ್ನೇ ನೋಡುತ್ತ ಕೂತ. ಸಮಿತಿಯಲ್ಲಿ ಎಲ್ಲರಿಗಿಂತ ಚಿಕ್ಕವರಾದ ಡಾಕ್ಟರ್ ರಮ್ಯ ಹೊರಗೆ ಬಂದು, "ಶಿವಾಜಿನಗರದ ಮಾತು ಆಡೋರು ಯಾರಾದ್ರೂ ಗೊತ್ತೇನ್ರೀ ಮುನಿರಾಜ್?" ಎಂದು ಕೇಳಿದರು. ನಾನು ಆಪಾ ಹೆಸರು ಹೇಳಿದೆ.

ಆಪಾ ಸುಲಭಕ್ಕೆ ಒಪ್ಪಲಿಲ್ಲ. "ನಾನ್ಯಾಕೋ ಬರ್ಲಿ? ಆದಿಲ್ ನನ್ನ ಹತ್ರ ಕನ್ನಡ ಟ್ಯೂಷನ್‌ಗೆ ಬರ್ತಿದ್ದ ಮಗು. ಅವನ ಅಮ್ಮಿ ಕೈಯೂಟ ಉಂಡಿದೀನಿ," ಎಂದರು. ಇದನ್ನು ಸಮಿತಿಗೂ ಹೇಳಿದರು. ಅವರು ಅದನ್ನೂ ಬರೆದುಕೊಂಡು, ನೀವು ಬರೀ ದನಿ, ಅಭಿಪ್ರಾಯ ನಮ್ಮದು ಎಂದು ಸಮಾಧಾನ ಮಾಡಿದರು. ಹಿರಿಯ ಡಾಕ್ಟರು ಒಂದೇ ಎಚ್ಚರಿಕೆ ಕೊಟ್ಟರು: "ಎಲ್ಲಾ ಇಂಗ್ಲಿಷಲ್ಲಿ ರೆಕಾರ್ಡ್ ಆಗುತ್ತೆ ಮೇಡಂ. ಪದಕ್ಕೆ ಪದ ಹೇಳಿ. ನಿಮ್ಮದೇನೂ ಸೇರಿಸ್ಬೇಡಿ." ಆಪಾಗೆ ಇಂಥ ಮಾತು ಹೇಳಬೇಕೇ!

ಸಹಿ ಹಾಕಿಸಿಕೊಳ್ಳುವ ಕಾಗದ ಹಿಡಿದು ನಾನು ಬಾಗಿಲ ಬಳಿ ನಿಂತಿದ್ದೆ. ಕರೀಂ ಸಣ್ಣಗಿದ್ದ, ತಲೆ ನೆರೆತಿತ್ತು. ಆಪಾ ಬಾಯಿಂದ ಮೊದಲ ದಖನಿ ಮಾತು ಬಂದದ್ದೇ ತಡ, ನೆಟ್ಟಗೆ ಕೂತು ಖಾಲಾ ಎಂದು ಕರೆದ. ಚಿಕ್ಕಮ್ಮ ಅಂತ. ಆಪಾ ಮುಖ ಬಿಗಿಯಿತು. ರಮ್ಯ ಇಂಗ್ಲಿಷಿನಲ್ಲಿ ಕೇಳಿದ್ದನ್ನು ಆಪಾ ಅವನ ಮಾತಿಗೆ ತಿರುಗಿಸಿದರು, ಅವನು ಹೇಳಿದ್ದನ್ನು ಇಂಗ್ಲಿಷಿಗೆ. ನಿನ್ನನ್ನು ಯಾವುದಕ್ಕೆ ಕರೆದೊಯ್ಯುತ್ತಾರೆ? ಫಾಂಸಿಗೆ. ಫಾಂಸಿ ಅಂದರೇನು? ಅವನು ಕುತ್ತಿಗೆ ಮುಟ್ಟಿ ಹಗ್ಗ ಎಂದ. ಯಾಕೆ? ತಪ್ಪಾಯಿತು ಎಂದ. ಕೊನೆಗೆ, ಇದರ ಬಗ್ಗೆ ನಿನಗೇನಾದರೂ ಹೇಳುವುದಿದೆಯೇ ಎಂದು ಕೇಳಿದಾಗ ಅವನು ಎದ್ದು ನಿಂತು, ಹಣೆಗೆ ಕೈ ತಂದು, "ಕ್ಯಾ ಬೋಲ್ನಾ ಖಾಲಾ. ಜಾಕೊ ಆತೂಂ," ಎಂದ.

ಆಪಾ ಕಾನ್ವೆಂಟಿನ ಅಚ್ಚುಕಟ್ಟು ಇಂಗ್ಲಿಷಿನಲ್ಲಿ ಹೇಳಿದರು: 'ವಾಟ್ ಇಸ್ ದೇರ್ ಟು ಸೇ. ಐ ವಿಲ್ ಗೋ ಅಂಡ್ ಕಮ್ ಬ್ಯಾಕ್.' ಸಮಿತಿಯ ಪೆನ್ನುಗಳೆಲ್ಲ ಒಟ್ಟಿಗೆ ಓಡತೊಡಗಿದವು.

ಅವನನ್ನು ಬೆಳಗಾವಿಗೆ ವಾಪಸು ಕಳಿಸಿದ ಮೇಲೆ ಒಂದು ಸಂಜೆ ನಾನೂ ಆಪಾನೂ ಮಾಸ್ಕ್ ರೋಡಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದೆವು. ಅದೇ ಹೋಟೆಲು, ಚಿಕ್ಕವನಿದ್ದಾಗ ಅವರ ಅಬ್ಬಾ ನನಗೆ ಬನ್ನು ಅದ್ದಿ ತಿನ್ನುವುದನ್ನು ಕಲಿಸಿದ ಜಾಗ. ನಾನು ಖುಷಿಯಲ್ಲಿದ್ದೆ. "ಆಪಾ, ವರದಿ ರೆಡಿಯಾಗ್ತಿದೆ. ಅವನಿಗೆ ಸಾವು ಅಂದ್ರೇನು ಅಂತ್ಲೇ ಗೊತ್ತಿಲ್ವಂತೆ. ಗಲ್ಲಿನಿಂದ ವಾಪಸ್ ಬರ್ತೀನಿ ಅಂತ ನಂಬಿದಾನೆ ಅಂತ ಬರೀತಿದಾರೆ. ನಿಮ್ಮ ಒಂದು ಮಾತಿಂದ ಅವನ ಜೀವ ಉಳೀತು ನೋಡಿ," ಎಂದೆ.

"ಯಾವ ಮಾತು?"

ಹೇಳಿದೆ. ಅವರು ಮೊದಲು ನಕ್ಕರು. ಆಮೇಲೆ ಲೋಟ ಕೆಳಗಿಟ್ಟರು. "ಲೋ ಮುನಿ, ಅವನು ಹೋಗ್ಬರ್ತೀನಿ ಅಂದಿದ್ದು ಕಣೋ. ಸಲಾಂ ಮಾಡಿ ಹೊರಡೋಕೆ ಎದ್ದಿದ್ದ."

ನನಗೂ ಆಗಲೇ ಹೊಳೆದದ್ದು. ನಮ್ಮಲ್ಲಿ ಯಾರಾದರೂ ಮನೆಯಿಂದ ಹೊರಡುವಾಗ ಹೋಗ್ತೀನಿ ಅನ್ನುತ್ತಾರೆಯೇ? ನಾನೊಮ್ಮೆ ಹಾಗೆ ಅಂದಿದ್ದಕ್ಕೆ ಅಮ್ಮ ಬಿಡ್ತು ಅನ್ನು ಬಿಡ್ತು ಅನ್ನು ಎಂದು ಬೆನ್ನಿಗೆ ಗುದ್ದಿದ್ದಳು. ಆಪಾ ಮನೆಯಲ್ಲೂ ಅದೇ ಕಟ್ಟಳೆ, ಜಾತೂಂ ಅನ್ನುವಂತಿಲ್ಲ, ಜಾಕೊ ಆತೂಂ ಅನ್ನಬೇಕು. ಆ ಸಮಿತಿಯಲ್ಲಿದ್ದವರೂ ಮಂಡ್ಯದವರು, ಹುಬ್ಬಳ್ಳಿಯವರು. ರಮ್ಯ ಮಲ್ಲೇಶ್ವರದ ಹುಡುಗಿ. ಎಲ್ಲರೂ ಬೆಳಿಗ್ಗೆ ಮನೆಯಲ್ಲಿ ಹೋಗ್ಬರ್ತೀನಿ ಅಂದೇ ಬಂದವರು. ಆಪಾ ಅದನ್ನು ಕನ್ನಡದಲ್ಲಿ ಹೇಳಿದ್ದರೆ ಯಾರೂ ಪೆನ್ನು ಎತ್ತುತ್ತಿರಲಿಲ್ಲ. ಇಂಗ್ಲಿಷಿಗೆ ಹೋದದ್ದೇ ಅದು ಹುಚ್ಚಿನ ಲಕ್ಷಣವಾಯಿತು.

"ಬಿಟ್ಬಿಡಿ ಆಪಾ," ಎಂದೆ. "ಒಂದು ಜೀವ ಉಳಿಯುತ್ತೆ. ಸರ್ಕಾರದ ದುಡ್ಡೂ ಉಳಿಯುತ್ತೆ. ನೀವು ಬಾಯಿ ಬಿಟ್ರೆ ಮತ್ತೆ ವ್ಯಾನು, ಮತ್ತೆ ಪೊಲೀಸು, ಮತ್ತೆ ಡಾಕ್ಟ್ರು. ಅಷ್ಟೆಲ್ಲಾ ಸುರಿದು ಕೊನೆಗೆ ಅವನನ್ನ ನೇಣಿಗೆ ಹಾಕ್ಸೋಕಾ?" ಇವತ್ತು ಕೇಳಿದರೂ ನಾನು ಅದನ್ನೇ ಹೇಳುತ್ತೇನೆ.

"ಅವನು ಸಾಯ್ಲಿ ಅಂತ ನಾನಂದ್ನಾ? ಉಳೀಲಿ. ಆದ್ರೆ ಮರ್ಯಾದೆಗೆ ಅಂದ ಮಾತನ್ನ ಹುಚ್ಚು ಅಂತ ಬರೆದು ಉಳಿಸ್ಬೇಕಾ? ಹಾಗಾದ್ರೆ ನಿಮ್ಮಮ್ಮನೂ ಹುಚ್ಚಿ, ನಮ್ಮಮ್ಮಿನೂ ಹುಚ್ಚಿ. ತಪ್ಪು ನಂದು. ನಾನೇ ಹೇಳ್ತೀನಿ."

ಮರುದಿನವೇ ಹೋಗಿ ರಮ್ಯಗೆ ಹೇಳಿದರು. ಆ ಹುಡುಗಿ ದೊಡ್ಡ ಮನಸ್ಸಿನವಳು, ಮುಚ್ಚಿಡಲಿಲ್ಲ, ತಲೆ ಚಚ್ಚಿಕೊಂಡು ಹಿರಿಯರ ಹತ್ತಿರ ಓಡಿದಳು. ವರದಿ ನಿಂತಿತು. ನಮ್ಮ ಮೇಲಧಿಕಾರಿ ನನ್ನ ಮೇಲೆ ಹಾರಾಡಿದರು: "ಆ ಟೀಚರಮ್ಮನ ನಾಲಿಗೆ ತಿದ್ಕೊಳ್ಳೋಕೆ ಸರ್ಕಾರ ಮತ್ತೆ ಬೆಳಗಾವಿಗೆ ವ್ಯಾನ್ ಕಳಿಸ್ಬೇಕೇನ್ರೀ? ಆಡಿಟ್‌ನೋರು ಕೇಳಿದ್ರೆ ಯಾರಪ್ಪ ಉತ್ತರ ಕೊಡೋದು?" ಕೊನೆಗೆ ಫೈಲನ್ನು ಮತ್ತೆ ಮಂಡಿಸಿದವನು ನಾನೇ. ವಿಷಯದ ಸಾಲಿನಲ್ಲಿ 'ಭಾಷಾಂತರದ ಸ್ಪಷ್ಟೀಕರಣ' ಎಂದು ಬರೆದೆ. ಅದಕ್ಕಿಂತ ಮರ್ಯಾದಸ್ಥ ಪದ ಹೊಳೆಯಲಿಲ್ಲ.

ಸುದ್ದಿ ಗಲ್ಲಿಗೆ ಬಂತು, ಅರ್ಧಂಬರ್ಧ. ಒಂದು ಭಾನುವಾರ ನಾನು ಆಪಾ ಮನೆಯಲ್ಲಿದ್ದಾಗ ಆದಿಲ್ ಬಂದ. ಮದುವೆಯಾಗಿ, ಅಪ್ಪನ ವ್ಯಾಪಾರ ನಡೆಸಿಕೊಂಡು ಇದ್ದವನು. ಚಿಕ್ಕಂದಿನಲ್ಲಿ ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಓಡಿ ಬರುತ್ತಿದ್ದ ಹುಡುಗ, ಅವತ್ತು ಹೊಸಲಿನ ಆಚೆಯೇ ನಿಂತ.

"ನೀವು ಅವನ ಕಡೆ ಮಾತಾಡ್ತಿದೀರಂತೆ ಟೀಚರ್. ಅವತ್ತು ನಮ್ಮಮ್ಮಿಗೆ ಒಂದು ಆಂಬುಲೆನ್ಸ್ ಸಿಗ್ಲಿಲ್ಲ. ಆಟೋ ಸೀಟಲ್ಲಿ ಮಲಗಿಸ್ಕೊಂಡು ಹೋದ್ವಿ, ಕಾಲು ಹೊರಗೆ ನೇತಾಡ್ತಿತ್ತು. ಇವನಿಗೆ ವ್ಯಾನು, ಡಾಕ್ಟ್ರು, ಸೆಕ್ಯುರಿಟಿ. ಎಲ್ಲಾ ನಾವು ಕಟ್ಟೋ ಟ್ಯಾಕ್ಸಲ್ಲಿ. ಅವನ ತಲೆ ನೋಡೋಕೆ ಇಷ್ಟು ಜನ. ನನ್ನ ತಲೆ ಸರಿ ಇದೆಯಾ ಅಂತ ಇಲ್ಲೀವರ್ಗೂ ಒಬ್ರೂ ಕೇಳ್ಲಿಲ್ಲ ಟೀಚರ್."

ನಾನು ಬಿಲ್ಲು ಬರೆಯುವಾಗ ಗೊಣಗಿದ್ದೆಲ್ಲ ಇವನ ಬಾಯಲ್ಲಿ ಬಂದಾಗ ಬೇರೆಯೇ ಆಗಿ ಕೇಳಿಸಿತು.

ಆಪಾ ಅವನ ಕೈ ಹಿಡಿದು ಒಳಗೆ ಕೂರಿಸಿ, ನಡೆದದ್ದನ್ನು ಇದ್ದಹಾಗೆ ಹೇಳಿದರು. ತಮ್ಮ ತಪ್ಪಿನಿಂದ ಕರೀಂ ಉಳಿಯುತ್ತಿದ್ದ, ತಿದ್ದಿದ್ದರಿಂದ ಈಗ ಉಳಿಯದೆಯೂ ಹೋಗಬಹುದು ಎಂದರು. ಕರೀಂ ಎದ್ದು ನಿಂತು ಅಂದ ಮಾತನ್ನೂ ಹೇಳಿದರು. ಅದನ್ನು ಕೇಳಿದ್ದೇ ಆದಿಲ್ ತಲೆಯೆತ್ತಿದ.

"ಅವತ್ತೂ ಅದೇ ಅಂದ," ಎಂದ.

"ಯಾವತ್ತು?"

"ಅವತ್ತೇ. ನಾನು ಮೆಟ್ಲ ಮೇಲೆ ಬಚ್ಚಿಟ್ಕೊಂಡಿದ್ದೆ. ಕೆಳಗೆ ಎಲ್ಲಾ ಮುಗ್ದುಹೋಗಿತ್ತು. ಅವನು ನಲ್ಲೀಲಿ ಕೈ ತೊಳ್ಕೊಂಡ, ಚಪ್ಪಲಿ ಹಾಕ್ಕೊಂಡ. ದಿನಾ ಸಂಜೆ ಊಟಕ್ಕೆ ಮುಂಚೆ ಹೊರಗೆ ಹೋಗೋವಾಗ ಅಂತಿದ್ದಂಗೇ ಬಾಗಿಲಲ್ಲಿ ನಿಂತು, ಜಾಕೊ ಆತೂಂ ಅಮ್ಮೀಜಾನ್ ಅಂದ. ಸ್ವಲ್ಪ ಹೊತ್ತು ಸುಮ್ನೆ ನಿಂತಿದ್ದ. ಆಮೇಲೆ 'ಹೌ' ಅಂದು ಹೋದ." ಆದಿಲ್ ಅಂಗೈಯಿಂದ ಮುಖ ಒರೆಸಿಕೊಂಡ. "ಸತ್ತೋರ್ನ ಆಡ್ಕೋತಿದಾನೆ ಅನ್ಕೊಂಡೆ. ಪೊಲೀಸರಿಗೆ ಹೇಳ್ಲಿಲ್ಲ. ಕೋರ್ಟಲ್ಲೂ ಹೇಳ್ಲಿಲ್ಲ. ಅವನು ಅಮ್ಮಿನ ಕರೆದಿದ್ದನ್ನ ನನ್ನ ಬಾಯಲ್ಲಿ ಹೇಳೋಕಾಗ್ಲಿಲ್ಲ."

ಸತ್ತು ಬಿದ್ದವಳಿಗೆ ಹೋಗಿ ಬರುತ್ತೇನೆ ಎಂದು ಹೇಳಿ, ಉತ್ತರಕ್ಕೆ ಕಾದು, ಹೂಂ ಅಂದು ಹೋದವನು. ಅವನಿಗೆ ಉತ್ತರ ಕೇಳಿಸಿತ್ತು ಎಂಬುದು ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು, ಆಪಾಗೆ ಹಿಡಿಯಲಿಲ್ಲ.

"ಇದನ್ನ ಡಾಕ್ಟರ್‌ಗೆ ಹೇಳ್ಬೇಕು ಬೇಟಾ," ಎಂದರು.

"ಹೇಳಿದ್ರೆ ಅವನು ಉಳೀತಾನಾ?"

"ಉಳೀಬಹುದು."

"ಮತ್ತೆ ನಾನ್ಯಾಕೆ ಹೇಳ್ಲಿ?"

"ನಿನ್ನ ಮಾತು ನಿಂದು. ನೀನು ಹೇಳ್ದೆ ನಾನು ಎತ್ತೋದಿಲ್ಲ. ಅವರು ಬಂದು ಕಾಲು ಹಿಡಿದ್ರೂ ಎತ್ತೋದಿಲ್ಲ," ಎಂದಷ್ಟೇ ಹೇಳಿದರು ಆಪಾ. ಆದಿಲ್ ಎದ್ದು, ಯಾರಿಗೂ ಏನೂ ಹೇಳದೆ ಹೋದ. ಆ ಸಂಜೆಯೆಲ್ಲ ಆಪಾ ಅವನ ಅಮ್ಮಿಯ ಮಾತೇ ಆಡಿದರು. ಹಬ್ಬದ ದಿನ ಗಲ್ಲಿಯ ತುದಿಯಿಂದ ತುದಿಗೆ ತಟ್ಟೆ ಹಂಚುತ್ತಿದ್ದದ್ದು, ಮಳೆಗಾಲದಲ್ಲಿ ಜಟಕಾ ಕುದುರೆಗೂ ಬೆಲ್ಲ ತಿನ್ನಿಸುತ್ತಿದ್ದದ್ದು. ಆ ಹೆಂಗಸು ಕರೀಂಗೂ ಅದೇ ಕೈಯಿಂದ ಬಡಿಸಿದ್ದಳು. ಆಪಾ ಅಳುತ್ತಿದ್ದರು, ಬೈಯುತ್ತಿದ್ದರು, ಯಾರನ್ನು ಎಂದು ನಾನು ಕೇಳಲಿಲ್ಲ.

ಎರಡನೇ ಸಲ ಸಮಿತಿ ಸೇರಿದ ದಿನ ನಾವು ಆಸ್ಪತ್ರೆ ತಲುಪಿದಾಗ ಕಾರಿಡಾರಿನ ಬೆಂಚಿನ ಮೇಲೆ ಆದಿಲ್ ಕೂತಿದ್ದ. ಆಪಾ ಏನನ್ನೂ ಕೇಳಲಿಲ್ಲ. "ಹೇಳ್ದೆ ಟೀಚರ್. ಡಾಕ್ಟ್ರು ಬರ್ಕೊಂಡ್ರು," ಎಂದು ಅವನೇ ಹೇಳಿದ. ರಾತ್ರಿ ನಿದ್ದೆ ಮಾಡಿದವನ ಮುಖವಾಗಿರಲಿಲ್ಲ ಅದು.

ಒಳಗೆ ರಮ್ಯ ಮೊದಲು ಹಳೆಯ ಮಾತನ್ನೇ ಎತ್ತಿದರು. ಕರೀಂ ನಕ್ಕುಬಿಟ್ಟ. ಹೋಗುತ್ತೇನೆ ಅನ್ನಬಾರದಲ್ಲ ಖಾಲಾ, ಅದಕ್ಕೆ ಹಾಗಂದೆ. ಗಲ್ಲಿಗೆ ಹೋದವರು ವಾಪಸು ಬರುತ್ತಾರೆಯೇ ಎಂದ. ಆಪಾ ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಮುಗಿಯಿತು ಎಂದುಕೊಂಡೆ. ಆಗ ರಮ್ಯ, ಕೆಲಸದ ಮನೆಯ ಬಾಗಿಲಲ್ಲಿ ಅವತ್ತು ಸಂಜೆ ಆ ಮಾತನ್ನು ಯಾರಿಗೆ ಹೇಳಿದೆ ಎಂದು ಕೇಳಿದರು.

"ಅಮ್ಮೀಜಾನ್‌ಕು," ಎಂದ, ಇದೇನು ಕೇಳುತ್ತೀರಿ ಎಂಬ ಮುಖದಲ್ಲಿ. ಅವರು ರೊಟ್ಟಿ ಹಾಕುತ್ತಿದ್ದರಂತೆ. ಏನಂದರು? "ಜಲ್ದೀ ಆ, ಖಾನಾ ಥಂಡಾ ಹೋತಾ." ಬೇಗ ಬಾ, ಊಟ ಆರಿಹೋಗುತ್ತೆ. ಈಗಲೂ ಬಂದು ಕರೆಯುತ್ತಾರಂತೆ, ಜೈಲಿನ ಗೋಡೆಯ ಆಚೆಯಿಂದ. ಹಾಗಾದರೆ ಗಲ್ಲು ಯಾತಕ್ಕೆ, ನೀನು ಮಾಡಿದ ತಪ್ಪೇನು ಎಂದು ರಮ್ಯ ಕೇಳಿದರು. ಕರೀಂ ತಲೆ ತಗ್ಗಿಸಿ, "ದೇರ್ ಹುಯೀ ನಾ ಖಾಲಾ," ಎಂದ. ತಡವಾಯಿತಲ್ಲ, ಅದಕ್ಕೆ. ಊಟಕ್ಕೆ ಹೋಗುವುದು ತಡವಾಯಿತು, ಅದಕ್ಕೆ ಶಿಕ್ಷೆ.

ಆಪಾ ಪದಕ್ಕೆ ಪದ ಹೇಳಿದರು. ನಡುವೆ ಒಮ್ಮೆ ತಡೆದು, ಆ ಮಾತನ್ನು ಮತ್ತೆ ಮೊದಲಿನಿಂದ ಹೇಳಿದರು. ಡಾಕ್ಟರುಗಳು ಅವನನ್ನು ವಾರಗಟ್ಟಲೆ ಇರಿಸಿಕೊಂಡು ಪರೀಕ್ಷೆ ಮಾಡಿದರು. ಬಿಲ್ಲು ಮೊದಲ ಸಲದ್ದಕ್ಕಿಂತ ದೊಡ್ಡದಾಯಿತು. ಅದನ್ನು ಬರೆದವನು ನಾನೇ, ಗೊಣಗದೆ ಬರೆದೆ. ಮುಂದೆ ಕೋರ್ಟು ಅವನ ಗಲ್ಲನ್ನು ಜೀವಾವಧಿಗೆ ಇಳಿಸಿತು. ಸ್ಟ್ರೆಚರಿಗೆ ಚಕ್ರ ನಾನು ನಿವೃತ್ತನಾದ ಮೇಲೆ ಬಂತಂತೆ.

ಅವತ್ತು ಹೊರಗೆ ಬಂದ ಆಪಾ ಬೆಂಚಿನ ಮೇಲೆ ಆದಿಲ್ ಪಕ್ಕ ಕೂತರು. ಒಳಗಿನ ಮಾತು ಹೊರಗೆ ಹೇಳಬಾರದು ಎಂಬ ಕಾಗದಕ್ಕೆ ಸಹಿ ಹಾಕಿದ್ದರು. ಹಾಕಿಸಿದವನು ನಾನು. ಆದರೂ ಆದಿಲ್ "ಅಮ್ಮಿ ಏನಂದ್ರಂತೆ?" ಎಂದಾಗ ಹೇಳಿಬಿಟ್ಟರು. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

"ಹೌ. ಅಮ್ಮಿ ಹಂಗೇ ಅಂತಿದ್ರು," ಎಂದ ಆದಿಲ್. ಆಮೇಲೆ ಚಿಕ್ಕ ಹುಡುಗನ ದನಿಯಲ್ಲಿ ಕೇಳಿದ: "ನನ್ನ ಬಗ್ಗೆ ಏನಾದ್ರೂ ಕೇಳಿದ್ರಂತಾ?"

ಒಂದು ಹೂಂ ಅಂದುಬಿಡಿ ಆಪಾ ಎಂದು ಕೂಗಬೇಕೆನಿಸಿತು. ನಾನಾಗಿದ್ದರೆ ಅಂದುಬಿಡುತ್ತಿದ್ದೆ.

"ಇಲ್ಲ ಬೇಟಾ," ಎಂದರು ಆಪಾ. "ಅದು ಅವನ ತಲೇಲಿರೋ ಅಮ್ಮೀಜಾನ್. ಅವರಿಗೆ ನೀನು ಯಾರೂಂತ ಗೊತ್ತಿಲ್ಲ. ನಿನ್ನ ಅಮ್ಮಿ ನನ್ನ ಹತ್ರ ಕೇಳ್ತಿದ್ರು. ಪ್ರತಿ ಶುಕ್ರವಾರ ಬುರ್ಖಾ ಎತ್ಕೊಂಡು ನಮ್ಮ ಮೆಟ್ಲು ಹತ್ತಿ ಬರೋರು. ನಮ್ಮ ಆದಿಲ್ ಕನ್ನಡ ಎಲ್ಲಿಗೆ ಬಂತು ಟೀಚರ್, ಬೋರ್ಡ್ ಓದ್ತಾನಾ, ಕಾಗದ ಬರೀತಾನಾ, ಹೊಡೀಬೇಡಿ, ಹೊಡೆದ್ರೂ ಮೆಲ್ಲಗೆ ಹೊಡೀರಿ ಅಂತ. ನನ್ನ ಕಿವೀಲೇ ಕೇಳಿದ್ದು. ಒಂದಕ್ಷರ ಸೇರಿಸಿಲ್ಲ."

ಆದಿಲ್ ಮುಖ ಮುಚ್ಚಿಕೊಂಡು ಅತ್ತ. ಆಮೇಲೆ ಕೈ ತೆಗೆಯದೆಯೇ, "ಇನ್ನೂ ಹೇಳಿ ಟೀಚರ್," ಎಂದ.